ಸೊಗಡಿನ ಋಣ

ಮಾರ್ಗಶಿರದ ಚಳಿ ಊರಿಗೆ ಕಾಲಿಡುವುದಕ್ಕೂ ಅವರೆಕಾಯಿ ಬರುವುದಕ್ಕೂ ಹೆಚ್ಚು ಅಂತರವಿರುವುದಿಲ್ಲ. ವಿಜಯನಗರದ ಮಾರುಕಟ್ಟೆಯಲ್ಲಿ, ರಾಜಾಜಿನಗರದ ಅಡ್ಡರಸ್ತೆಗಳ ಮೂಲೆಯಲ್ಲಿ, ಬಸವೇಶ್ವರನಗರದ ಬಸ್ ನಿಲ್ದಾಣಗಳ ಮಗ್ಗುಲಲ್ಲಿ, ಮಾಗಡಿ ರಸ್ತೆಯ ಇಕ್ಕೆಲದಲ್ಲಿ ಗೋಣಿತಟ್ಟಿನ ಮೇಲೆ ಹಸಿರು ರಾಶಿಗಳು ಏಳುತ್ತವೆ. ಆ ರಾಶಿಯ ಮುಂದೆ ಬಗ್ಗಿ ನಿಂತವರಲ್ಲಿ ಕಾರಿನಿಂದಿಳಿದ ಅಧಿಕಾರಿಯೂ ಉಂಟು, ಗಾರೆ ಕೆಲಸ ಮುಗಿಸಿ ಹೊರಟ ಕೂಲಿಯವನೂ ಉಂಟು. ಇಬ್ಬರೂ ಮಾಡುವುದು ಒಂದೇ ಕೆಲಸ: ಒಂದು ಕಾಯನ್ನೆತ್ತಿ ಮೂಗಿಗೆ ಹಿಡಿಯುವುದು. ಬದನೆಕಾಯನ್ನು ಯಾರೂ ಮೂಸಿ ಕೊಳ್ಳುವುದಿಲ್ಲ, ಹುರುಳಿಕಾಯನ್ನೂ ಇಲ್ಲ. ಅವರೆಯನ್ನು ಮಾತ್ರ ಬೆಂಗಳೂರಿನವನು ಮೂಗಿನಿಂದಲೇ ಆರಿಸುತ್ತಾನೆ.

ಈ ಸಂತೋಷದ ವಿಷಯವಾಗಿ ನನ್ನದೊಂದು ಪ್ರಶ್ನೆ. ಬಿತ್ತದವನಿಗೆ, ಕಳೆ ಕೀಳದವನಿಗೆ, ಮಳೆಗಾಗಿ ಆಕಾಶದತ್ತ ಒಮ್ಮೆಯೂ ಕಣ್ಣೆತ್ತದವನಿಗೆ ಸುಗ್ಗಿಯ ಸಂತೋಷದಲ್ಲಿ ಪಾಲುಂಟೆ? ನಗರದ ನಮಗೆ ಋತುಗಳೆಲ್ಲ ತಳ್ಳುಗಾಡಿಯ ಮೇಲೆ ಬರುತ್ತವೆ. ಸಂಕ್ರಾಂತಿಗೆ ಕಬ್ಬು, ಯುಗಾದಿ ಕಳೆಯುತ್ತಿದ್ದಂತೆ ರಾಮನಗರದ ಕಡೆಯ ಮೊದಲ ಮಾವು, ಆಷಾಢದಲ್ಲಿ ಹಲಸು ನೇರಳೆ, ಕಾರ್ತಿಕದಲ್ಲಿ ಕಡಲೆಕಾಯಿ. ಪಂಚಾಂಗವನ್ನು ಗಾಡಿಗಳಲ್ಲಿ ಓದಿಕೊಳ್ಳುವ ಜನ ನಾವು. ಮಳೆ ಹೋದರೆ ನಮಗೆ ಬೆಲೆ ಏರುತ್ತದೆ, ಅಷ್ಟೆ. ಬೆಳೆದವನಿಗೆ ವರ್ಷವೇ ಹೋಗುತ್ತದೆ. ಅವನ ಆತಂಕದಲ್ಲಿ ಪಾಲಿಲ್ಲದ ನಾವು ಅವನ ಹಿಗ್ಗಿನಲ್ಲಿ ಮಾತ್ರ ಪಾಲು ಕೇಳುವುದು ನ್ಯಾಯವೆ?

ಇದಕ್ಕೆ ಎರಡು ಸಿದ್ಧ ಉತ್ತರಗಳುಂಟು. ಒಂದು, ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮಿತ್ರರೊಬ್ಬರದು. ಕೊಟ್ಟ ಹಣಕ್ಕೆ ಸರಕು ಬಂತು, ಲೆಕ್ಕ ತೀರಿತು. ಇದರಲ್ಲಿ ಧರ್ಮಜಿಜ್ಞಾಸೆಗೆ ಎಡೆ ಎಲ್ಲಿ, ಎನ್ನುತ್ತಾರೆ ಅವರು. ಇನ್ನೊಂದು, ಇದಕ್ಕೆ ತೀರ ವಿರುದ್ಧವಾದದ್ದು: ನಗರದವರ ಋತುಪ್ರೇಮವೆಲ್ಲ ವೇಷ, ಹಳ್ಳಿಯ ಕಷ್ಟ ಬೇಡ, ಹಳ್ಳಿಯ ರುಚಿ ಮಾತ್ರ ಬೇಕು ಎಂಬವರ ಆಟ. ಮೊದಲನೆಯದು ನಮ್ಮನ್ನು ತೀರ ಸುಲಭವಾಗಿ ಬಿಟ್ಟುಬಿಡುತ್ತದೆ. ಎರಡನೆಯದು ವಿಚಾರಣೆಯಿಲ್ಲದೆ ಶಿಕ್ಷೆ ಕೊಡುತ್ತದೆ. ಎರಡೂ ನನಗೆ ಒಪ್ಪಿಗೆಯಾಗಿಲ್ಲ. ಏಕೆಂದು ಹೇಳುವ ಮುನ್ನ ಆ ಅವರೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಕನ್ನಡದ ಮೇಷ್ಟರಿಗೆ ಮೊದಲು ಕಾಣುವುದು ಮಾತು. ಅವರೆಯ ವಾಸನೆಗೆ ನಮ್ಮಲ್ಲಿ ಹೆಸರು ಸೊಗಡು. ಕಾಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಡ್ಡಿನಿಂದ ಅದು ಹುಟ್ಟುತ್ತದೆ. ಕಾಯಿ ಸುಲಿದವರ ಬೆರಳಿಗೆ ಅಂಟಿದರೆ ಸೋಪಿಗೂ ಬೇಗನೆ ಜಗ್ಗುವುದಿಲ್ಲ. ಈ ಮಾತನ್ನು ನಾವು ಸಾಹಿತ್ಯವಿಮರ್ಶೆಗೂ ಎಳೆದು ತಂದಿದ್ದೇವೆ. ಪ್ರತಿವರ್ಷ ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿ ಗ್ರಾಮೀಣ ಬದುಕಿನ ಸೊಗಡು, ದೇಸಿ ನುಡಿಯ ಸೊಗಡು ಎಂಬ ಮಾತುಗಳು ಧಾರಾಳವಾಗಿ ಬರುತ್ತವೆ. ಬರೆದವರಲ್ಲಿ ಎಷ್ಟೋ ಜನ ಸುಲಿದ ಕಾಳನ್ನು ಪೊಟ್ಟಣದಲ್ಲಿ ಕಂಡವರೇ ಹೊರತು ಕಾಯಿ ಮೂಸಿದವರಲ್ಲ. ಮಾತು ಉಳಿದು ಅದರ ವಾಸನೆ ಹೋದರೆ ಭಾಷೆಗೆ ಆಗುವ ನಷ್ಟ ಸಣ್ಣದಲ್ಲ. ಋತುವಿನ ಊಟ ನಗರವಾಸಿಗೂ ಬೇಕೆನ್ನುವುದಕ್ಕೆ ಇದು ನನ್ನ ಮೊದಲ ಕಾರಣ: ನಮ್ಮ ಮಾತಿಗೆ ಅರ್ಥ ಬರುವುದು ಬೆರಳಿಗೆ ಅಂಟಿದ ಮೇಲೆ.

ಇನ್ನು ಗಿಡದ ವಿಷಯ. ನಮ್ಮ ನಾಟಿ ಅವರೆ ಒಂದು ವಿಚಿತ್ರ ಸ್ವಭಾವದ ಸಸ್ಯ. ಎಷ್ಟೇ ನೀರು ಗೊಬ್ಬರ ಕೊಟ್ಟರೂ ಅದು ಅವಸರಕ್ಕೆ ಹೂ ಬಿಡದು. ಹಗಲು ಕುಗ್ಗಿ ಇರುಳು ಹಿಗ್ಗುವ ತನಕ ಕಾಯುತ್ತದೆ. ಬೆಂಗಳೂರಿನ ಅತಿ ದೀರ್ಘವಾದ ಹಗಲಿಗೂ ಅತಿ ಮೊಟಕಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ಬೀದಿ ಬೆಳಗಿಸಿದ ಈ ಊರಿನಲ್ಲಿ ಅಂಥ ಅಂತರವನ್ನು ಗಮನಿಸುವ ಮನುಷ್ಯ ಯಾರು? ಮಾಗಡಿಯ ಹೊಲದ ಬಳ್ಳಿ ಗಮನಿಸುತ್ತದೆ. ಕತ್ತಲನ್ನು ಅಳೆದು, ಹೊತ್ತು ಬಂತೆಂದು ತಿಳಿದು, ಇಬ್ಬನಿಯಲ್ಲಿ ನೆನೆದು ಹೂ ಬಿಡುತ್ತದೆ. ನಾವು ಪುಷ್ಯಮಾಸದಲ್ಲಿ ತಿನ್ನುವ ಒಂದು ಹಿಡಿ ಕಾಳಿನಲ್ಲಿ ನಮ್ಮ ಗಮನಕ್ಕೆ ಬಾರದೆ ಕಳೆದುಹೋದ ಎಷ್ಟೋ ಇರುಳುಗಳ ಎಣಿಕೆ ಇದೆ.

ಈ ಕಾಯುವಿಕೆಯಿಂದ ರೈತನನ್ನು ಬಿಡಿಸುವ ಉಪಾಯವನ್ನೂ ವಿಜ್ಞಾನಿಗಳು ಮಾಡಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ತಳಿಗಳನ್ನು ತಂದರು, ಅವುಗಳಲ್ಲಿ ಎಚ್‌.ಎ. 3, ಎಚ್‌.ಎ. 4 ಎಂಬುವು ಹಗಲಿನ ಅಳತೆಯನ್ನು ಲೆಕ್ಕಿಸದೆ ಯಾವ ಕಾಲದಲ್ಲಿಯಾದರೂ ಹೂ ಬಿಡುತ್ತವೆ. ಈಗ ಶ್ರಾವಣದಲ್ಲಿಯೂ ಅವರೆಕಾಯಿ ಸಿಗುತ್ತದೆ. ನೀರಾವರಿಯುಳ್ಳ ರೈತನಿಗೆ ಇದರಿಂದ ನಾಲ್ಕು ಕಾಸು ಹೆಚ್ಚು ಬಂದರೆ ನನಗೆ ಸಂತೋಷವೇ. ಆದರೂ ಒಂದು ಸಂಗತಿಯನ್ನು ಗಮನಿಸಿ. ಶ್ರಾವಣದ ಅವರೆಯನ್ನು ಜನ ತರಕಾರಿಯೆಂದು ಕೊಳ್ಳುತ್ತಾರೆ. ಪುಷ್ಯದ ಅವರೆಯನ್ನು ಹಬ್ಬವೆಂದು ಕೊಳ್ಳುತ್ತಾರೆ. ಅವರೆಬೇಳೆಯ ಮೇಳ ನೆರೆಯುವುದು ಚಳಿಗಾಲದಲ್ಲಿಯೇ. ನಾಲಗೆಗೆ ತಾನಾಗಿ ಒಂದು ಶಿಸ್ತು ಉಂಟೆಂದು ಇದರಿಂದ ತೋರುತ್ತದೆ. ಕಾದು ಪಡೆದದ್ದಕ್ಕೂ ಕೈಚಾಚಿ ಪಡೆದದ್ದಕ್ಕೂ ಅದು ಒಂದೇ ಹೆಸರು ಕೊಡುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ಮಳೆಯಾಶ್ರಯದ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರು ನನ್ನ ಈ ಮಾತನ್ನು ಕೇಳಿ ನಕ್ಕರು. ಕಾಯುವುದರ ಸೊಗಸನ್ನು ಹೊಗಳುವುದು ಹೊಟ್ಟೆ ತುಂಬಿದವರ ಮಾತು. ತಮ್ಮ ಬಾಲ್ಯದಲ್ಲಿ ಋತುವೆಂದರೆ ಸುಗ್ಗಿಯೊಂದೇ ಆಗಿರಲಿಲ್ಲ, ಸುಗ್ಗಿಗೆ ಮುಂಚಿನ ತಿಂಗಳುಗಳೂ ಆಗಿದ್ದವು. ಕಣಜದ ತಳ ಕಾಣುವ ಆ ದಿನಗಳಲ್ಲಿ ಯಾರಿಗೂ ಕಾವ್ಯ ಹೊಳೆಯುತ್ತಿರಲಿಲ್ಲ ಎಂದರು. ಈ ಮಾತಿನ ಮುಂದೆ ತಲೆಬಾಗಲೇಬೇಕು. ಹಸಿವಿನಿಂದ ಕಾಯುವುದು ಬೇರೆ, ರುಚಿಗಾಗಿ ಕಾಯುವುದು ಬೇರೆ. ಮೊದಲನೆಯದು ತೊಲಗಲೆಂದು ಉಗ್ರಾಣ, ರೈಲು, ಶೀತಾಗಾರ, ಪಡಿತರ ಎಲ್ಲವೂ ಬಂದವು. ಬರಲಿ, ಇನ್ನೂ ಬರಲಿ. ಕಾಯುವುದು ತಾನಾಗಿ ಪುಣ್ಯವೆಂದು ನಾನು ಹೇಳುವುದಿಲ್ಲ. ಹೊಟ್ಟೆಗಿದ್ದವನು ರುಚಿಗಾಗಿ ಕಾದಾಗ ಅವನಿಗೆ ತಿಳಿದುಬರುವ ಒಂದು ಸತ್ಯವುಂಟು, ಅದನ್ನು ಹೇಳುತ್ತೇನೆ: ತನ್ನ ಅಪ್ಪಣೆಗೆ ಬಾರದ ವಸ್ತುಗಳೂ ಲೋಕದಲ್ಲಿವೆ, ಅವುಗಳ ಮೇಲೆಯೇ ತನ್ನ ಬದುಕು ನಿಂತಿದೆ. ಗುಂಡಿ ಒತ್ತಿದರೆ ದೀಪ, ಬೆರಳಾಡಿಸಿದರೆ ಹತ್ತು ನಿಮಿಷದಲ್ಲಿ ಬಾಗಿಲಿಗೆ ದಿನಸಿ ಎಂಬ ನಮ್ಮ ದಿನಚರಿಯಲ್ಲಿ ಈ ಸತ್ಯವನ್ನು ಹೇಳಿಕೊಡುವ ಗುರುಗಳು ಕಡಮೆ. ಅವರೆಕಾಯಿ ಅವರಲ್ಲೊಂದು.

ಅರ್ಥಶಾಸ್ತ್ರದ ಮಿತ್ರರ ಲೆಕ್ಕಕ್ಕೆ ಈಗ ಬರೋಣ. ಕೊಟ್ಟ ಹಣದಲ್ಲಿ ಏನೇನು ಸೇರಿದೆ? ಮಾಗಡಿಯ ಕಡೆ ಅವರೆಯನ್ನು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲಾಗಿ ಬಿತ್ತುವ ರೂಢಿ ಹಳೆಯದು. ರಾಗಿ ಕೊಯ್ಲಾದ ಮೇಲೆ ಬಯಲಾದ ನೆಲದಲ್ಲಿ ಅವರೆಯ ಸಾಲು ಮಾತ್ರ ನಿಂತು, ಇಬ್ಬನಿಯನ್ನೇ ನಂಬಿ ಕಾಯಾಗುತ್ತದೆ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಅದರ ಸೊಪ್ಪು ದನಕ್ಕೆ ಮೇವು. ನಾವು ತೆತ್ತ ಬೆಲೆಯಲ್ಲಿ ಲಾರಿಯ ಬಾಡಿಗೆ, ದಲ್ಲಾಳಿಯ ಪಾಲು, ಮಾರುವವಳ ಲಾಭ, ಉಳಿದರೆ ಬೆಳೆದವನ ಕೂಲಿ ಸೇರಿದೆ. ಮಣ್ಣಿಗೆ ಎಷ್ಟು ಸಂದಿತು? ಇಬ್ಬನಿಗೆ ಎಷ್ಟು? ಅವು ಬಿಲ್ಲು ಬರೆಯಲಾರವು. ಬಿಲ್ಲು ಬಾರದ ಸಾಲವೆಲ್ಲ ಇಲ್ಲದ ಸಾಲ ಎನ್ನುವುದಾದರೆ ತಾಯಿಯ ಸಾಲವೂ ಇಲ್ಲವೆನ್ನಬೇಕಾದೀತು.

ತಾಯಿಯ ಮಾತು ಬಂದದ್ದು ಒಳ್ಳೆಯದಾಯಿತು. ಹಿತಕಿದ ಬೇಳೆಯ ಸಾರನ್ನು ಮೆಚ್ಚದ ಗಂಡಸು ಈ ಸೀಮೆಯಲ್ಲಿ ವಿರಳ. ಆ ಸಾರಿನ ಹಿಂದೆ ನಡೆಯುವ ಕೆಲಸವನ್ನು ಎಣಿಸಿದವರು ಇನ್ನೂ ವಿರಳ. ಕಾಯಿ ಸುಲಿಯಬೇಕು, ಹುಳು ಆರಿಸಬೇಕು, ಕಾಳನ್ನು ನೀರಿನಲ್ಲಿ ನೆನೆಹಾಕಬೇಕು, ಮಾರನೆಯ ದಿನ ಕೂತು ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತಕಿ ಬೇಳೆಯನ್ನು ಹಾರಿಸಬೇಕು. ಒಂದು ಸಂಸಾರದ ಒಂದು ಹೊತ್ತಿನ ಸಾರಿಗೆ ಸಾವಿರಕ್ಕೆ ಕಡಮೆಯಿಲ್ಲದೆ ಕಾಳು ಬೇಕು. ಎಷ್ಟೋ ಮನೆಗಳಲ್ಲಿ ಈ ಕೆಲಸ ಹೆಂಗಸರದೇ ಆಗಿ, ಗಂಡಸರ ಪಾಲಿಗೆ ಹೊಗಳುವ ಕೆಲಸ ಮಾತ್ರ ಉಳಿದಿತ್ತು. ಈಗ ಮನೆಯ ಹೆಂಗಸರಿಗೆ ಬಿಡುವಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಕೂತ ಬೇರೆ ಹೆಂಗಸರು ಹಿತಕಿ ಕೊಡುತ್ತಾರೆ. ಬೆರಳು ಬದಲಾಯಿತು, ಬೆರಳಿನ ಉರಿ ಬದಲಾಗಲಿಲ್ಲ. ಅವಳ ಮುಂದೆ ನಿಂತು ಹತ್ತು ರೂಪಾಯಿಗೆ ಚೌಕಾಸಿ ಮಾಡಿ, ಅದೇ ಸಂಜೆ ಗಾಜಿನ ಮಳಿಗೆಯಲ್ಲಿ ಚೀಟಿಯ ಮೇಲೆ ಅಚ್ಚಾದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆರುವುದು ನಮ್ಮ ವರ್ಗದ ಅಭ್ಯಾಸ. ಋತುವನ್ನು ಸವಿಯುವ ನೀತಿ ಎಲ್ಲಿಂದ ಪ್ರಾರಂಭವಾಗಬೇಕೆಂದು ಯಾರಾದರೂ ಕೇಳಿದರೆ, ಮನೆಯಲ್ಲಿ ಕಾಳು ಹಿತಕುವ ತಟ್ಟೆಯ ಸುತ್ತ ಎಲ್ಲರೂ ಕೂರುವುದರಿಂದ, ಬೀದಿಯಲ್ಲಿ ಚೌಕಾಸಿ ಬಿಡುವುದರಿಂದ ಎಂದು ಹೇಳುತ್ತೇನೆ. ದೊಡ್ಡ ತತ್ತ್ವಗಳು ಆಮೇಲೆ ಬರಲಿ.

ನಮ್ಮ ಊರಿಗೆ ಈ ವಿಷಯದಲ್ಲಿ ಒಂದು ಹಳೆಯ ನೆನಪೂ ಇದೆ. ದಾರಿ ತಪ್ಪಿ ಹಸಿದು ಬಂದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಬೆಂಗಳೂರಾಯಿತು ಎಂಬ ಕಥೆಯನ್ನು ಎಲ್ಲರೂ ಬಲ್ಲರು. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಿಂದಿನ, ಸುಮಾರು ಕ್ರಿ.ಶ. 900ರ ಬೇಗೂರಿನ ವೀರಗಲ್ಲಿನಲ್ಲಿಯೇ ಬೆಂಗಳೂರೆಂಬ ಹೆಸರು ಇದೆ. ಕಥೆ ಸುಳ್ಳಾಯಿತು, ಸರಿ. ಆದರೆ ಜನ ಆ ಸುಳ್ಳನ್ನೇಕೆ ಇಷ್ಟು ಕಾಲ ಕಾಪಾಡಿದರು? ಎಷ್ಟೋ ಊರುಗಳು ತಮ್ಮ ಹೆಸರಿಗೆ ರಾಜನನ್ನೋ ದೇವರನ್ನೋ ಯುದ್ಧವನ್ನೋ ಕಾರಣವಾಗಿ ಹೇಳಿಕೊಳ್ಳುತ್ತವೆ. ಈ ಊರು ಮಾತ್ರ ಒಬ್ಬ ಬಡ ಮುದುಕಿ ನೀಡಿದ ಒಂದು ಹೊತ್ತಿನ ಕಾಳಿಗೆ ತನ್ನ ಹೆಸರನ್ನು ಕಟ್ಟಿಕೊಂಡಿತು. ಉಂಡದ್ದನ್ನು ಮರೆಯಬಾರದೆಂಬ ಬುದ್ಧಿ ಅದರಲ್ಲಿದೆ. ಸಾಸಿವೆಯಷ್ಟು ನಿಜವಿಲ್ಲದ ಕಥೆಯಲ್ಲಿ ಬೆಟ್ಟದಷ್ಟು ವಿವೇಕವಿರಬಹುದು.

ಆ ಮುದುಕಿಯ ಹೊಲ ಎಲ್ಲಿತ್ತೋ ಹೇಳುವವರಿಲ್ಲ. ನಮ್ಮ ಬಡಾವಣೆಗಳ ಕೆಳಗೆ ಇರುವ ಹೊಲಗಳನ್ನಾದರೋ ಹೇಳಬಹುದು. 1949ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿಯವರು ಅಸ್ತಿಭಾರವಿಟ್ಟ ಕೈಗಾರಿಕಾ ಬಡಾವಣೆಯಿಂದ ರಾಜಾಜಿನಗರ ಬೆಳೆಯಿತು. ವಿಜಯನಗರ, ಬಸವೇಶ್ವರನಗರಗಳು ಅದರ ಹಿಂದೆ ಬಂದವು. ಕೆಂಗೇರಿಯೆಂಬ ಊರು ಉಪನಗರವಾಯಿತು. ಇವೆಲ್ಲ ಎದ್ದದ್ದು ಹೊಲ, ತೋಟ, ಕೆರೆಯಂಗಳಗಳ ಮೇಲೆ. 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಕಳೆದುಕೊಂಡ ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದರು. ಅವರೆಯ ಸಾಲುಗಳೂ ಈಚಿನ ದಶಕಗಳಲ್ಲಿ ಅದೇ ದಾರಿ ಹಿಡಿದು ಹಿಂದೆ ಹಿಂದೆ ಸರಿದಿವೆ. ನಾವು ಉಣ್ಣುವ ಅನ್ನಕ್ಕೆ ನಾವೇ ದೂರವನ್ನು ಹುಟ್ಟಿಸಿದ್ದೇವೆ. ಆಮೇಲೆ ಭಾನುವಾರ ಬಂದರೆ ಹಸಿರು ನೋಡಲೆಂದು ಆ ದೂರವನ್ನು ಕಾರಿನಲ್ಲಿ ದಾಟುತ್ತೇವೆ.

ಹೀಗೆ ಹೊರಸಂಚಾರದ ಮಾತು ಬಂತು. ನಮ್ಮ ಕಡೆಯವರಿಗೆ ಈ ಸುಖಕ್ಕೆ ಕೊರತೆಯಿಲ್ಲ. ಮಾಗಡಿ ರಸ್ತೆಯಲ್ಲಿ ಹೋದರೆ ಅರ್ಕಾವತಿ, ಕುಮುದ್ವತಿಗಳು ಕೂಡುವಲ್ಲಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಜಲಾಶಯ, ಇನ್ನೂ ಮುಂದೆ ಸಾವನದುರ್ಗ. ಕೆಂಗೇರಿಯ ಕಡೆ ಹೋದರೆ ಕೇತೋಹಳ್ಳಿಯ ದೊಡ್ಡಾಲದ ಮರ. ಆ ಮರದ ಮೂಲಕಾಂಡ ರೋಗ ತಗುಲಿ ಎಂದೋ ಸತ್ತುಹೋಗಿದೆ. ಬಿಳಲುಗಳೇ ನೆಲಕ್ಕಿಳಿದು ಕಾಂಡಗಳಾಗಿ ಮರವನ್ನು ಹೊತ್ತಿವೆ. ಬುತ್ತಿ ಕಟ್ಟಿಕೊಂಡು ಹೋಗಿ ಅದರ ನೆರಳಲ್ಲಿ ಉಣ್ಣುವುದು ಒಳ್ಳೆಯ ಸಂತೋಷ. ಉಂಡವರು ಬಿಟ್ಟುಬರುವ ಪ್ಲಾಸ್ಟಿಕ್ ತಟ್ಟೆಗಳ ವಿಷಯವಾಗಿ ಎಲ್ಲರೂ ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಅದಕ್ಕಿಂತ ದೊಡ್ಡ ಎಂಜಲಿನ ವಿಷಯ.

2021ರಿಂದ ಮೆಟ್ರೋ ರೈಲು ಕೆಂಗೇರಿಯವರೆಗೆ ಓಡುತ್ತಿದೆ. ನಾಯಂಡಹಳ್ಳಿ ದಾಟಿದ ಮೇಲೆ ಕಿಟಕಿಯಿಂದ ಕೆಳಗೆ ನೋಡಿದರೆ ಮೈಸೂರು ರಸ್ತೆಯ ಮಗ್ಗುಲಲ್ಲಿ ಕಪ್ಪಾದ ಒಂದು ನೀರು ಹರಿಯುವುದು ಕಾಣುತ್ತದೆ. ಅನೇಕರು ಅದನ್ನು ಮೋರಿಯೆನ್ನುತ್ತಾರೆ. ಅದು ವೃಷಭಾವತಿ, ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಜನ ನಂಬಿಕೊಂಡು ಬಂದ ಹೊಳೆ. ಪಶ್ಚಿಮ ಬೆಂಗಳೂರಿನ ನಮ್ಮ ಮನೆಗಳ, ಕಾರ್ಖಾನೆಗಳ ಕೊಳಕಿನ ಬಹುಭಾಗವನ್ನು ಹೊತ್ತು ಅದು ಬಿಡದಿಯ ಸಮೀಪದ ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ಕೆರೆ ಕಟ್ಟಿದ್ದು ಬೇಸಾಯಕ್ಕೆಂದು. ಅದರ ತೂಬಿನಲ್ಲಿ ನೊರೆಯೆದ್ದದ್ದನ್ನು ಪತ್ರಿಕೆಗಳ ಚಿತ್ರಗಳಲ್ಲಿ ನೀವೂ ನೋಡಿರಬಹುದು. ಅಲ್ಲಿಯ ಮಣ್ಣಿನಲ್ಲಿ, ಬೆಳೆದ ತರಕಾರಿಯಲ್ಲಿ ಸಂಶೋಧಕರು ಭಾರಲೋಹಗಳನ್ನು ಕಂಡಿದ್ದಾರೆ. ಅಲ್ಲಿಯ ಎಷ್ಟೋ ರೈತರು ಊಟದ ಬೆಳೆಗಳನ್ನು ಕೈಬಿಟ್ಟು ಮೇವಿನ ಹುಲ್ಲಿಗೆ ತಿರುಗಿದ್ದಾರೆ. ಹುಲ್ಲು ಹಸುವಿಗೆ, ಹಸುವಿನ ಹಾಲು ಪೇಟೆಗೆ. ಪೇಟೆಯೆಂದರೆ ಯಾರು? ನಾವೇ.

ಸ್ವಲ್ಪ ಹಿಂದಿನಿಂದ ಲೆಕ್ಕ ಹಾಕಿ. ಒಂದು ಕಾಲದಲ್ಲಿ ತಿಪ್ಪಗೊಂಡನಹಳ್ಳಿಯ ನೀರು ನಮಗೆ ಆಸರೆಯಾಗಿತ್ತು. ಅರ್ಕಾವತಿ ಬತ್ತುತ್ತ, ಕೆಡುತ್ತ ಬಂದು ಆ ಆಸರೆ ಕಳಚಿತು. 1974ರಿಂದ ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯ ನೀರನ್ನು ಮೇಲಕ್ಕೆತ್ತಿ ತಂದು ಕುಡಿಯುತ್ತಿದ್ದೇವೆ. ಆ ಕಾವೇರಿಯೇ ನಮ್ಮ ಅಡಿಗೆಮನೆ, ಬಚ್ಚಲುಗಳನ್ನು ಹಾದು ವೃಷಭಾವತಿಯಾಗುತ್ತಾಳೆ. ವೃಷಭಾವತಿ ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಯನ್ನು ಸೇರುತ್ತಾಳೆ. ಎಂದರೆ, ನಾವು ಕಡ ತಂದ ಪಾತ್ರೆಯನ್ನು ತೊಳೆಯದೆ ಹಿಂದಕ್ಕೆ ಕಳುಹಿಸುತ್ತಿದ್ದೇವೆ. ನೆರೆಮನೆಯಿಂದ ತಂದ ಪಾತ್ರೆಯನ್ನು ಹಾಗೆ ಕೊಟ್ಟರೆ ನಮ್ಮ ಮನೆಯ ಹಿರಿಯರು ಏನೆನ್ನುತ್ತಿದ್ದರು? ಬರಿದಾಗಿಯೂ ಕೊಡಬಾರದು, ಒಂದು ಚೂರು ಬೆಲ್ಲವನ್ನಾದರೂ ಇಟ್ಟು ಕೊಡಬೇಕು ಎನ್ನುತ್ತಿದ್ದರು.

ಋತುವನ್ನು ಸವಿಯುವವನ ಧರ್ಮಸೂಕ್ಷ್ಮ ಇಲ್ಲಿದೆ ಎಂದು ನನಗೆ ತೋರುತ್ತದೆ. ಉಳದವನು ಉಣ್ಣಬಾರದೆಂಬ ನಿಯಮವನ್ನು ಯಾವ ಸಮಾಜವೂ ನಡೆಸಲಾರದು. ಮೇಷ್ಟರು, ನೇಕಾರ, ವೈದ್ಯ, ಬಸ್ಸಿನ ಚಾಲಕ ಇವರೆಲ್ಲರೂ ಪರರ ಹೊಲದ ಅನ್ನ ಉಣ್ಣುವವರೇ. ಅದರಲ್ಲಿ ನಾಚಿಕೆಯಿಲ್ಲ. ಸಂತೋಷಪಡುವುದರಲ್ಲಿಯೂ ಪಾಪವಿಲ್ಲ, ಸಂತೋಷವಿಲ್ಲದೆ ಉಂಡರೆ ಬೆಳೆದವನಿಗೆ ಅದಕ್ಕಿಂತ ಹೆಚ್ಚಿನ ಅವಮಾನವಾದೀತು. ಆದರೆ ಉಂಡ ಮನೆಯ ಗಳ ಹಿರಿಯುವುದು ಎಂದು ಕನ್ನಡದಲ್ಲಿ ಒಂದು ಮಾತುಂಟು. ಅವರೆಯ ಸೊಗಡನ್ನು ಮೂಗಿಗೆ ಹಿಡಿದು ಆಹಾ ಎನ್ನುವ ನಾವು, ಅದೇ ಸೀಮೆಯ ಹೊಲಕ್ಕೆ ನಮ್ಮ ಮೋರಿಯನ್ನು ಹರಿಯಬಿಟ್ಟರೆ ಮಾಡುತ್ತಿರುವುದು ಅದನ್ನೇ. ಬಾಯಿಗೆ ಬರುವ ಕಡೆ ಇಷ್ಟು ಸೂಕ್ಷ್ಮವಾದ ಮೂಗು, ಮನೆಯಿಂದ ಹೊರಹೋಗುವ ಕಡೆ ಏಕೆ ಮುಚ್ಚಿಕೊಳ್ಳುತ್ತದೆ?

ಒಬ್ಬೊಬ್ಬ ಗೃಹಸ್ಥನು ಒಂದು ಹೊಳೆಯನ್ನು ತೊಳೆಯಲಾರ. ಅದು ಸರ್ಕಾರದ, ನಗರಾಡಳಿತದ, ಕಾರ್ಖಾನೆಗಳ ಕೆಲಸವೆನ್ನುವುದು ಸರಿ. ಆದರೆ ಯಾರೂ ಕೇಳದ ಕೆಲಸವನ್ನು ಅವರು ತಾವಾಗಿ ಮಾಡಿದ್ದು ಕಡಮೆ. ನಲ್ಲಿಯಲ್ಲಿ ಒಂದು ದಿನ ನೀರು ಬಾರದಿದ್ದರೆ ಬಡಾವಣೆಯ ಸಂಘಗಳು ಕಚೇರಿಯ ಬಾಗಿಲಿಗೆ ಹೋಗುತ್ತವೆ. ಬಚ್ಚಲಿನಿಂದ ಹೋದ ನೀರು ಶುದ್ಧಿಯಾಯಿತೇ ಎಂದು ಕೇಳಲು ಯಾವ ಸಂಘ ಹೋದದ್ದುಂಟು? ಒಂದು ಭಾನುವಾರದ ಸಂಚಾರವನ್ನು ಮೇಲಿನ ಬೆಟ್ಟಕ್ಕೆ ಬದಲಾಗಿ ಕೆಳಗಿನ ಕೆರೆಗೆ ಇಟ್ಟುಕೊಳ್ಳಬಾರದೆ? ಮಕ್ಕಳಿಗೆ ಅನ್ನ ಬರುವ ದಾರಿಯನ್ನು ತೋರಿಸಿದಂತೆ ಎಂಜಲು ಹೋಗುವ ದಾರಿಯನ್ನೂ ತೋರಿಸಬಾರದೆ? ಮೂಗು ಮುಚ್ಚಿಕೊಂಡು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಂತು ಬಂದವನು, ಮರುದಿನ ನಗರಾಡಳಿತದವರನ್ನು ಪ್ರಶ್ನಿಸುವ ಧಾಟಿಯೇ ಬೇರೆಯಾಗುತ್ತದೆ. ಮತ ಕೇಳಲು ಬಂದವರ ಮುಂದೆ ರಸ್ತೆ, ದೀಪಗಳ ಜೊತೆಗೆ ವೃಷಭಾವತಿಯ ಹೆಸರನ್ನೂ ಅವನು ಎತ್ತುತ್ತಾನೆ.

ಬಿತ್ತದವನಿಗೆ ಸುಗ್ಗಿಯಲ್ಲಿ ಪಾಲುಂಟೆ ಎಂದು ಕೇಳಿದ್ದೆ. ಉಂಟು; ಆದರೆ ಅದು ಅತಿಥಿಯ ಪಾಲು. ಅತಿಥಿಯು ಹೊತ್ತಿಗೆ ಬರಬೇಕು, ಬಡಿಸಿದ್ದನ್ನು ಮೆಚ್ಚಿ ಉಣ್ಣಬೇಕು, ಬಡಿಸಿದ ಕೈಯನ್ನು ನೋಡಬೇಕು, ಎದ್ದು ಹೋಗುವಾಗ ಆ ಮನೆಯ ಬಾವಿಗೆ ಉಗುಳಬಾರದು. ಇಷ್ಟನ್ನು ನಡೆಸಿದವನು ಹೊಟ್ಟೆತುಂಬ ಉಣ್ಣಲಿ, ಮನಸ್ಸು ತುಂಬ ಹಿಗ್ಗಲಿ. ಮುಂದಿನ ಚಳಿಗಾಲಕ್ಕೆ ಮತ್ತೆ ಬಾ ಎಂದು ಕರೆಯಿಸಿಕೊಳ್ಳುವ ಯೋಗ್ಯತೆ ಅವನಿಗುಂಟು.